ಗಂಧದ ಕೊರಡು, ಲಿಂಡೆನ್ ಚಕ್ಕೆ

ಮ್ಯೂನಿಕ್‌ಗೆ ಬಂದ ನೆಂಟರನ್ನು ನಾವೆಲ್ಲ ನಾಯ್‌ಶ್ವಾನ್‌ಸ್ಟೈನ್ ಅರಮನೆಗೇ ಕರೆದೊಯ್ಯುತ್ತೇವೆ. ಒಮ್ಮೆ ಓಬರಾಮರ್‌ಗೌಗೂ ಹೋಗಿಬನ್ನಿ. ಮುರ್ನೌನಲ್ಲಿ ರೈಲು ಬದಲಿಸಿದರೆ ಆ ಪುಟ್ಟ ಗಾಡಿಯ ಕೊನೆಯ ನಿಲ್ದಾಣವೇ ಅದು. 1633ರಲ್ಲಿ ಪ್ಲೇಗಿಗೆ ಹೆದರಿ ಹರಕೆ ಹೊತ್ತ ಊರವರು 1634ರಿಂದ ಏಸುವಿನ ನಾಟಕ ಆಡುತ್ತ ಬಂದಿದ್ದಾರೆ. ಈಗ ಹತ್ತು ವರ್ಷಕ್ಕೊಮ್ಮೆ. ಕೊರೊನಾದಿಂದಾಗಿ 2020ರ ಆಟ 2022ಕ್ಕೆ ಹೋಯಿತು. ನನ್ನನ್ನು ಎಳೆದದ್ದು ಮಾತ್ರ ನಾಟಕವಲ್ಲ, ಅಲ್ಲಿಯ ಮರಗೆತ್ತನೆ. ನಾನು ಸಾಗರದವಳು, ಗುಡಿಗಾರರ ಉಳಿಯ ಸದ್ದು ಕೇಳುತ್ತ ಶಾಲೆಗೆ ಹೋದವಳು.

ಗೋಡೆತುಂಬ ಚಿತ್ರ ಬರೆದ ಪಿಲಾಟುಸ್‌ಹೌಸ್‌ನಲ್ಲಿ, ನಾವು ಹೋದ ದಿನ, ಹಿರಿಯರೊಬ್ಬರು ಲಿಂಡೆನ್ ಮರದಲ್ಲಿ ಕುರಿಗಾಹಿಯನ್ನು ಕೆತ್ತುತ್ತಿದ್ದರು. ಲಿಂಡೆನ್ ಮೆದು, ಅದರ ಎಳೆ ಸಮ.

"ಮೂಗು ಹಾರಿಹೋದರೆ?" ಮಗಳು ಜರ್ಮನ್‌ನಲ್ಲಿ ಕೇಳಿದಳು.

ಮುಖವನ್ನೇ ಹಿಂದಕ್ಕೆ ತಗ್ಗಿಸಬೇಕು, ಆಮೇಲೆ ತಲೆ, ಆಮೇಲೆ ಭುಜ. ಕುರಿಗಾಹಿ ಕುಳ್ಳನಾಗುತ್ತಾನೆ, ಅಷ್ಟೆ ಎಂದರು ಅವರು, ಉಳಿ ನಿಲ್ಲಿಸದೆ.

ದೊಡ್ಡ ವಿಗ್ರಹಗಳ ಬೆನ್ನು ಟೊಳ್ಳಂತೆ. ಹೊರಮೈ ಬೇಗ, ಒಳಗು ನಿಧಾನವಾಗಿ ಒಣಗುವುದರಿಂದ ಮರ ಬಿರಿಯುತ್ತದೆ. ಅದಕ್ಕೇ ಹಿಂದಿನಿಂದ ತಿರುಳು ತೋಡುತ್ತಾರೆ. ಐನೂರು ವರ್ಷದ ಹಿಂದೆ ರೀಮೆನ್‌ಶ್ನೈಡರ್ ಕೂಡ ಹೀಗೇ ಮಾಡಿದ. ಅವನ ಶಿಲ್ಪಗಳು ನಮ್ಮ ಮ್ಯೂನಿಕ್‌ನ ಬವೇರಿಯನ್ ನ್ಯಾಷನಲ್ ಮ್ಯೂಸಿಯಂನಲ್ಲೇ ಇವೆ.

ಸಂಜೆ ಕಾಲಡಿಯ ಚಕ್ಕೆಗಳನ್ನು ಗುಡಿಸಿ ಚೀಲಕ್ಕೆ ತುಂಬಿದರು, ಒಲೆಗೆ. ನನಗೆ ಹೊಟ್ಟೆಯೊಳಗೆ ಏನೋ ಆಯಿತು. ಸಾಗರದಲ್ಲಿ ಶ್ರೀಗಂಧದ ಹೊಟ್ಟನ್ನೂ ಬಟ್ಟೆ ಹಾಸಿ ಕೂಡಿಡುತ್ತಿದ್ದರು. ಎಣ್ಣೆಗೆ, ಊದುಬತ್ತಿಗೆ ಅದಕ್ಕೂ ಬೆಲೆ. ನಮ್ಮ ಹಿತ್ತಲಲ್ಲಿ ಬೆಳೆದ ಗಂಧವೂ ಸರ್ಕಾರದ್ದೇ ಎಂಬ ಕಾನೂನು 2001ರಲ್ಲಿ ಸಡಿಲವಾಯಿತು. ಅಷ್ಟರಲ್ಲಿ ಕಾಡಿನ ಮರ ಎಷ್ಟೋ ಕಳ್ಳರ ಪಾಲಾಗಿತ್ತು, ಗುಡಿಗಾರರ ಕೈಗೆ ಶಿವನೆ ಮರವೂ ಬಂದಿತ್ತು. ಶಿವನೆಯಲ್ಲೂ ಗಣಪತಿ ಚೆಂದವೇ. ಪರಿಮಳ ಒಂದಿಲ್ಲ.

ಮಗಳು ಒಂದು ಲಿಂಡೆನ್ ಚಕ್ಕೆ ಕೇಳಿ ಪಡೆದು ಮೂಸಿ ನೋಡಿದಳು. "ಅಮ್ಮಾ, ನಮ್ಮ ಕೊರಡಿನ ಹಾಗೆ ಇಲ್ಲ."

ನಮ್ಮ ಕೊರಡನ್ನು ಅಮ್ಮ ಕೊಟ್ಟಾಗ ಅದು ಅಂಗೈ ಉದ್ದವಿತ್ತು. ಯಜಮಾನರ ನಿತ್ಯಪೂಜೆಗೆ ಸಾಣೆಕಲ್ಲಿನ ಮೇಲೆ ತೇದು ತೇದು ಈಗ ಹೆಬ್ಬೆರಳ ಗೆಣ್ಣಿನಷ್ಟಾಗಿದೆ. ಅಮ್ಮ ಈಗಿಲ್ಲ. "ಇನ್ನು ತೇಯುವುದು ಬೇಡ, ನೆನಪಿಗೆ ಎತ್ತಿಡು" ಎನ್ನುತ್ತಾರೆ ಯಜಮಾನರು. ಎತ್ತಿಟ್ಟ ಕೊರಡು ಅಮ್ಮನಿಗೆ ಸೇರುತ್ತಿರಲಿಲ್ಲ. ಮೊನ್ನೆ ಗೌರಿಹಬ್ಬಕ್ಕೆ ಮಗಳೇ ತೇದಳು. ಹಿಡಿತಕ್ಕೆ ಸಿಗದೆ ಉಗುರು ಕಲ್ಲಿಗೆ ತಾಗುತ್ತಿತ್ತು, ನೀರೂ ಹೆಚ್ಚಾಯಿತು. ತೆಳ್ಳಗಿನ ಗಂಧ ಗೌರಿಯ ಹಣೆಯಿಂದ ಮೂಗಿನವರೆಗೂ ಇಳಿಯಿತು.