ಸಾರಥಿಯ ದಂಡ ಯಾರ ಲೆಕ್ಕಕ್ಕೆ?

ಹೆದ್ದಾರಿಗಳಲ್ಲಿ ವೇಗವನ್ನು ಅಳೆಯುವ ಕ್ಯಾಮೆರಾಗಳು ಬಂದ ಮೇಲೆ, ಬಸದಿಗಳ ಆಡಳಿತ ಮಂಡಳಿಗಳಿಗೆ ಬರುವ ಕಾಗದಪತ್ರಗಳಲ್ಲಿ ಒಂದು ಹೊಸ ಬಗೆಯದೂ ಸೇರಿಕೊಂಡಿದೆ. ವಾಹನವು ಟ್ರಸ್ಟಿನ ಹೆಸರಿನಲ್ಲಿರುವುದರಿಂದ ನೋಟಿಸೂ ಟ್ರಸ್ಟಿಗೇ ಬರುತ್ತದೆ. ನಡೆಸಿದವನು ಚಾಲಕ, ಕುಳಿತವರು ಯಾತ್ರಿಕರು, ಹಣ ಭಂಡಾರದ್ದು. ಹಾಗಾದರೆ ದೋಷ ಯಾರದು?

ಬೆಂಗಳೂರಿನ ಒಂದು ಬಸದಿಯಲ್ಲಿ ಎರಡು ಸಭೆಗಳು ನಡೆದರೂ ಈ ಪ್ರಶ್ನೆ ಇತ್ಯರ್ಥವಾಗಲಿಲ್ಲ. ಯಾತ್ರೆಯ ಕರಪತ್ರದಲ್ಲಿ ಬೆಳಿಗ್ಗೆ 6ಕ್ಕೆ ಪ್ರಯಾಣ, 8ಕ್ಕೆ ಶ್ರವಣಬೆಳಗೊಳದಲ್ಲಿ ಪಾದಾಭಿಷೇಕ ಎಂದು ಅಚ್ಚಾಗಿತ್ತು. ದಾರಿ ಸುಮಾರು 145 ಕಿಲೋಮೀಟರು. ಅದರ ಮೇಲೆ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳು. ನಗರವನ್ನು ದಾಟುವಷ್ಟರಲ್ಲೇ ಮುಕ್ಕಾಲು ಗಂಟೆ ಕಳೆದಿತ್ತು. "ಅಭಿಷೇಕ ತಪ್ಪಬಾರದಪ್ಪಾ" ಎಂದು ಹಿಂದಿನಿಂದ ಮತ್ತೆ ಮತ್ತೆ ಎಚ್ಚರಿಸಿದವರು ಸಮಿತಿಯವರೇ. ನೋಟಿಸು ಬಂದಾಗ ಮಾತ್ರ, ಚಾಲಕನ ಸಂಬಳದಲ್ಲಿ ಹಿಡಿಯಬೇಕೆಂದು ಒಬ್ಬರು, ಪರಿಚಯದ ಅಧಿಕಾರಿಯಿಂದ ತೆಗೆಸಿಹಾಕೋಣವೆಂದು ಮತ್ತೊಬ್ಬರು, ರಿಯಾಯಿತಿ ಬರುವವರೆಗೆ ಸುಮ್ಮನಿರೋಣವೆಂದು ಇನ್ನೊಬ್ಬರು ಸಲಹೆಯಿತ್ತರು. ಕಡೆಯವರ ಲೆಕ್ಕ ಗಾಳಿಯ ಮಾತಲ್ಲ. 2023ರ ಫೆಬ್ರವರಿಯಲ್ಲಿಯೂ 2025ರ ಆಗಸ್ಟ್‌-ಸೆಪ್ಟೆಂಬರಿನಲ್ಲಿಯೂ ಕರ್ನಾಟಕ ಸರ್ಕಾರವು ಬಾಕಿ ದಂಡವನ್ನು ಅರ್ಧಕ್ಕೆ ಇಳಿಸಿತ್ತು.

ಸಭೆಯಲ್ಲಿದ್ದ ಹಿರಿಯ ವಕೀಲರೊಬ್ಬರು 1988ರ ಮೋಟಾರು ವಾಹನ ಕಾಯ್ದೆಯ 183ನೆಯ ಕಲಮನ್ನು ಓದಿ ತಿಳಿಸಿದರು. ವೇಗಮಿತಿಯನ್ನು ಮೀರಿದವನಷ್ಟೇ ಅಲ್ಲ, ತನ್ನ ನೌಕರನಿಂದ ಮೀರಿಸಿದವನೂ ಅದರಂತೆ ಅಪರಾಧಿ. 2019ರ ತಿದ್ದುಪಡಿಯ ನಂತರ ಲಘು ವಾಹನಕ್ಕೆ ದಂಡ 1000ದಿಂದ 2000 ರೂಪಾಯಿ. ಇನ್ನೂ ಸೂಕ್ಷ್ಮವಾದ ಮಾತೊಂದು ಅಲ್ಲಿದೆ: ವೇಗಮಿತಿಯನ್ನು ಮೀರದೆ ತಲುಪಲಾಗದ ವೇಳೆಯನ್ನು ಪ್ರಕಟಿಸಿದವನ ಮೇಲೆ ಆ ವೇಳಾಪಟ್ಟಿಯೇ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಬಸದಿಯ ಗೋಡೆಗೆ ಅಂಟಿಸಿದ್ದ ಕರಪತ್ರ ಆಗಲೂ ಅಲ್ಲಿಯೇ ಇತ್ತು.

ಶ್ರಾವಕರಿಗೆ ಇದು ಅಪರಿಚಿತ ನ್ಯಾಯವೇನಲ್ಲ. ಕೃತ, ಕಾರಿತ, ಅನುಮತ ಎಂಬ ಮೂರೂ ಆಸ್ರವದ ದ್ವಾರಗಳೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಸಂರಂಭ, ಸಮಾರಂಭ, ಆರಂಭಗಳೊಡನೆ, ಮೂರು ಯೋಗ, ನಾಲ್ಕು ಕಷಾಯಗಳೊಡನೆ ಗುಣಿಸಿದರೆ 108 ಭೇದಗಳಾಗುತ್ತವೆ. ಜಪಮಾಲೆಯ 108 ಮಣಿಗಳನ್ನು ಆ ಲೆಕ್ಕದೊಡನೆ ಹೊಂದಿಸಿ ಹೇಳುವ ವಾಡಿಕೆಯುಂಟು. ಮಾಲೆಯನ್ನು ಎಣಿಸುತ್ತಲೇ ಚಾಲಕನನ್ನು ಅವಸರಪಡಿಸಿದವರ ಕೈಯಲ್ಲಿ ಕಾರಿತದ ಮಣಿಯೂ ಇತ್ತು. ಪ್ರಮಾದವೇ ಹಿಂಸೆಯ ಮೂಲವೆಂದ ಧರ್ಮದಲ್ಲಿ, ಮಳೆಗಾಲದ ನಸುಕಿನಲ್ಲಿ ರಸ್ತೆಗಿಳಿಯುವ ಕಪ್ಪೆಗಳ ಲೆಕ್ಕವನ್ನು ಯಾವ ಕ್ಯಾಮೆರಾವೂ ಇಡುವುದಿಲ್ಲ.

ನೋಟಿಸು ತಪ್ಪಾಗಿದ್ದರೆ ಮಾತು ಬೇರೆ. ಚಿತ್ರದಲ್ಲಿರುವುದು ಮತ್ತೊಂದು ವಾಹನವಾದರೆ ದಾಖಲೆಗಳೊಡನೆ ಆಕ್ಷೇಪಿಸುವುದೇ ನ್ಯಾಯ. ಇಲ್ಲಿ ಅಂತಹ ಸಂಶಯವಿರಲಿಲ್ಲ. ದೇವದ್ರವ್ಯವನ್ನು ಇದಕ್ಕೆ ಮುಟ್ಟಬಾರದೆಂಬುದರಲ್ಲಿ ಭಿನ್ನಾಭಿಪ್ರಾಯವೂ ಬರಲಿಲ್ಲ. ಆ ದಿನ ವಾಹನದಲ್ಲಿದ್ದ ಸಮಿತಿಯ ಸದಸ್ಯರು ಹಣವನ್ನು ತಮ್ಮತಮ್ಮಲ್ಲಿ ಹಂಚಿಕೊಂಡು, ರಿಯಾಯಿತಿಗೆ ಕಾಯದೆ ಪೂರ್ತಿ ಕಟ್ಟಿದರು.

ಆದರೆ ಚಾಲಕನ ಹೆಸರನ್ನು ಹಾಗೆ ಹಂಚಿಕೊಳ್ಳಲಾಗಲಿಲ್ಲ. ವಾಹನವನ್ನು ನಡೆಸಿದವರಾರೆಂದು ಪೊಲೀಸರು ಕೇಳಿದರೆ ಮಾಲೀಕನು ತಿಳಿಸಲೇಬೇಕೆಂದು 133ನೆಯ ಕಲಮು ವಿಧಿಸುತ್ತದೆ. ಎರಡನೆಯ ಬಾರಿಯ ಅತಿವೇಗಕ್ಕೆ ಚಾಲನಾ ಪರವಾನಗಿಯನ್ನೇ ವಶಪಡಿಸಿಕೊಳ್ಳಬಹುದು. ಅದರಿಂದಲೇ ಅನ್ನ ತಿನ್ನುವವನಿಗೆ ಇದು ಸಣ್ಣ ಮಾತಲ್ಲ. ಕರುಣೆಯಿಂದ ಒಬ್ಬ ಸದಸ್ಯರು, "ನಾನೇ ನಡೆಸಿದೆನೆಂದು ಬರೆದುಕೊಡುತ್ತೇನೆ" ಎಂದರು. ಸತ್ಯಾಣುವ್ರತಕ್ಕೆ ಅದು ಒಗ್ಗದೆಂದು ಸಭೆಯು ಒಪ್ಪಲಿಲ್ಲ. ಸರ್ಕಾರವು ಪರವಾನಗಿಗಳ ದಾಖಲೆಗೆ 'ಸಾರಥಿ' ಎಂಬ ಚೆಂದದ ಹೆಸರಿಟ್ಟಿದೆ. ರಥದಲ್ಲಿ ಕುಳಿತು ಅವಸರಪಡಿಸಿದವರಿಗೆ ಅದರಲ್ಲಿ ಅಂಕಣವಿಲ್ಲ.

ಚಾಲಕನು ಏನನ್ನೂ ಕೇಳಲಿಲ್ಲ. ಮುಂದಿನ ಯಾತ್ರೆಗೆ ಬೆಳಗಿನ 4ಕ್ಕೇ ಹೊರಡೋಣ, ಅಯ್ಯನವರೇ ಎಂದಷ್ಟೇ ಕಾರ್ಯದರ್ಶಿಗಳಿಗೆ ಹೇಳಿದನು. ಹೊಸ ಕರಪತ್ರದಲ್ಲಿ ಹೊರಡುವ ವೇಳೆ ಮಾತ್ರ ಅಚ್ಚಾಗಿದೆ.