ಕಿಲ್ಲಾರಿಗೆ ಹೋಗಿ ಬಂದೆ

ಅಕ್ಕಲಕೋಟೆಯಿಂದ ಆಳಂದ ಮಾರ್ಗವಾಗಿ ಉಮರ್ಗಾಕ್ಕೆ ಹೋಗುವವನು ರಾಜ್ಯದ ಗಡಿಯನ್ನು ಎರಡು ಸಲ ದಾಟಬೇಕು. ನೆಲಕ್ಕೆ ಅದರ ಪರಿವೆಯಿಲ್ಲ. ಎತ್ತ ನೋಡಿದರೂ ಅದೇ ಎರೆಹೊಲ, ಅದೇ ಜೋಳ, ತೊಗರಿ, ಅದೇ ಕರಿಗಲ್ಲಿನ ಗೋಡೆ. ಉಮರ್ಗಾದಿಂದ ಉತ್ತರಕ್ಕೆ ಹೊರಳಿದರೆ ಲಾತೂರು ಜಿಲ್ಲೆಯ ಕಿಲ್ಲಾರಿ. ಈ ಹೆಸರು ಕೇಳದ ಮನೆ ನಮ್ಮ ಸೀಮೆಯಲ್ಲಿಲ್ಲ. ಹೋಗಿ ನೋಡಿದವರು ಮಾತ್ರ ವಿರಳ. ನಾನೂ ಇಷ್ಟು ವರ್ಷ ಹೋಗಿರಲಿಲ್ಲ. ಧೈರ್ಯ ಸಾಲದೆ ಹೋಗಿರಲಿಲ್ಲ ಎಂದರೆ ಹೆಚ್ಚು ನಿಜ.

1993ರ ಸೆಪ್ಟೆಂಬರ್ 30ರ ನಸುಕು. ಊರೂರು ಗಣಪತಿಯನ್ನು ನೀರಿಗೆ ಬಿಟ್ಟು ದಣಿದು ಮಲಗಿತ್ತು. 3 ಗಂಟೆ 56 ನಿಮಿಷದ ಹೊತ್ತಿಗೆ ನಮ್ಮ ಮನೆಯ ಮಾಡದಲ್ಲಿದ್ದ ಹಿತ್ತಾಳೆ ಪಾತ್ರೆಗಳು ಗಲಗಲನೆ ಸದ್ದುಮಾಡಿದವು. "ಮಾಳಗಿ ಮ್ಯಾಲ ಯಾರೋ ಅದಾರ, ಏಳೋ" ಎಂದು ಅವ್ವ ಎಬ್ಬಿಸಿದಳು. ನಾನು ಕಂದೀಲು ಹುಡುಕುವಷ್ಟರಲ್ಲಿ ನೆಲವೇ ತೊಟ್ಟಿಲಿನಂತೆ ತೂಗಿತು. ಮೊದಲು ಸದ್ದು, ಆಮೇಲೆ ತೂಗಾಟ. ಆ ನಡುವಿನ ಕೆಲವು ಕ್ಷಣಗಳ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ.

ಭೂಮಿಯೊಳಗೆ ಬಂಡೆ ಮುರಿದಾಗ ಎರಡು ಬಗೆಯ ಅಲೆಗಳು ಒಟ್ಟಿಗೆ ಹೊರಡುತ್ತವೆ. ಸೊಲ್ಲಾಪುರ ಸ್ಟೇಶನ್ನಿನಲ್ಲಿ ಇಂಜಿನ್ನು ಮಾಲುಗಾಡಿಗೆ ಬಂದು ತಗುಲಿದಾಗ ಒಂದು ಡಬ್ಬಿಯ ನೂಕು ಇನ್ನೊಂದಕ್ಕೆ, ಅದರದು ಮತ್ತೊಂದಕ್ಕೆ ದಾಟುವುದನ್ನು ನೋಡಿದ್ದೀರಷ್ಟೆ. ಪ್ರಾಥಮಿಕ ಅಲೆ ಹೀಗೆಯೇ ನೂಕುತ್ತ, ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಎರಡನೆಯದು ಬಾವಿಯ ಹಗ್ಗವನ್ನು ಒದರಿದಾಗ ಏಳುವ ಬಳುಕಿನಂತಹದು. ಅದರ ವೇಗ ಮೂರೂವರೆ ಕಿಲೋಮೀಟರ್. ನಿಧಾನವಾದರೂ ಗೋಡೆಯನ್ನು ಪಕ್ಕಕ್ಕೆ ಅಲುಗಿಸಿ ಕೆಡವುವುದು ಅದೇ. ಕಿಲ್ಲಾರಿಯಿಂದ ಅಕ್ಕಲಕೋಟೆ ನೇರ ಅಂತರದಲ್ಲಿ ಸುಮಾರು 70 ಕಿಲೋಮೀಟರ್. ಲೆಕ್ಕ ಹಾಕಿದರೆ ಮೊದಲ ಅಲೆಗೂ ಎರಡನೆಯದಕ್ಕೂ ಎಂಟು ಸೆಕೆಂಡು ಸಿಗುತ್ತದೆ. ಅವ್ವ ನನ್ನನ್ನು ಎಬ್ಬಿಸಿದ್ದು ಆ ಎಂಟು ಸೆಕೆಂಡಿನಲ್ಲಿ. ಕಿಲ್ಲಾರಿಯವರ ಕಾಲ ಕೆಳಗೆ ಸುಮಾರು ಹತ್ತು ಕಿಲೋಮೀಟರ್ ಆಳದಲ್ಲಿಯೇ ಬಂಡೆ ಸರಿದಿತ್ತು. ಅವರಿಗೆ ಸಿಕ್ಕದ್ದು ಒಂದು ಸೆಕೆಂಡು, ಅಥವಾ ಅದೂ ಇಲ್ಲ.

ದಖ್ಖನಿನ ಕಪ್ಪುಶಿಲೆ ಅಲುಗದೆಂಬ ನಂಬಿಕೆ ನಮ್ಮ ಹಿರಿಯರದು ಮಾತ್ರವಲ್ಲ, ಪಂಡಿತರದೂ ಆಗಿತ್ತು. 1967ರ ಡಿಸೆಂಬರಿನಲ್ಲಿ ಕೊಯ್ನಾ ನಡುಗಿದ ಮೇಲೂ ಕಿಲ್ಲಾರಿಯ ಭಾಗವು ಭೂಕಂಪದ ನಕಾಶೆಯಲ್ಲಿ ಅತ್ಯಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 1992ರ ಅಕ್ಟೋಬರಿನಲ್ಲಿ ಅಲ್ಲಿ ನೆಲ ನಡುಗಿದಾಗ ಊರು ಬಿಟ್ಟವರು ಕೆಲದಿನಗಳಲ್ಲಿ ಮರಳಿದರು. ಹೊಲಮನೆ ಬಿಟ್ಟು ಎಷ್ಟು ದಿನ ಇರಲಾದೀತು? ಅನಂತರ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಅಲ್ಲಿ 617 ಮೀಟರ್ ಆಳಕ್ಕೆ ಕೊರೆದು ನೋಡಿದರು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾರಸದ ಪದರಗಳು 338 ಮೀಟರ್ ದಪ್ಪವಿದ್ದವು. ಅದರ ಕೆಳಗೆ ಅದಕ್ಕಿಂತ ಎಷ್ಟೋ ಪುರಾತನವಾದ ಶಿಲೆ. ಭಾರತದ ನೆಲಹಲಗೆ ವರ್ಷಕ್ಕೆ ಐದು ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿರುವುದರಿಂದ ಒಳನಾಡಿನ ಬಂಡೆಯ ಮೇಲೂ ಆ ಒತ್ತಡ ಬೀಳುತ್ತದೆ. ಎಲ್ಲಿ ಹಳೆಯ ಬಿರುಕಿದೆಯೋ ಅಲ್ಲಿ ಒಂದು ದಿನ ಒಂದು ಪಕ್ಕ ಇನ್ನೊಂದರ ಮೇಲೇರುತ್ತದೆ. ಇದಕ್ಕೆ ಸ್ತರಭಂಗವೆಂದು ಹೆಸರು. ಮೇಲೆ ಎರೆಮಣ್ಣು ಹೊದ್ದ ಬಿರುಕನ್ನು ಯಾರು ಕಂಡಾರು! 2002ರ ಪರಿಷ್ಕರಣೆಯಲ್ಲಿ ನಕಾಶೆಯಿಂದ ಒಂದನೆಯ ವಲಯವನ್ನೇ ತೆಗೆದು, ಈ ಭಾಗವನ್ನು ಮೂರನೆಯದಕ್ಕೆ ಸೇರಿಸಿದರು.

ಕಂಪದ ಪ್ರಮಾಣ 6.2. ಲೋಕದಲ್ಲಿ ಅಂತಹವು ಎಷ್ಟೋ ಆಗುತ್ತವೆ. ಇಲ್ಲಿ ಸತ್ತವರು ಹತ್ತು ಸಾವಿರಕ್ಕೆ ಸಮೀಪ. ಹಳೆಯ ಊರಿನ ಜಾಗದಲ್ಲಿ ನಿಂತಾಗ ಇದರ ಕಾರಣ ಕಾಲಡಿಯಲ್ಲೇ ಸಿಕ್ಕಿತು: ದುಂಡುಗಲ್ಲು, ಮಣ್ಣು, ಮತ್ತೆ ದುಂಡುಗಲ್ಲು. ಎರಡು ಮೊಳ ದಪ್ಪದ ಗೋಡೆ ನೋಡುವುದಕ್ಕೆ ಒಂದೇ. ನಿಜಕ್ಕೂ ಅದು ಒಳಮುಖ, ಹೊರಮುಖವೆಂಬ ಎರಡು ತೆಳುಗೋಡೆ, ನಡುವೆ ಚೂರುಗಲ್ಲು, ಮಣ್ಣು. ಅಲುಗಿದಾಗ ಎರಡೂ ಮುಖ ಬಿರಿದು ಬೇರೆಯಾದವು. ಬೇಸಗೆಗೆ ತಂಪೆಂದು ಹೇರಿದ ಮಾಳಿಗೆಯ ಮಣ್ಣು ಮಲಗಿದವರ ಮೇಲೆ ಇಳಿಯಿತು. ಕೆಲವೆಡೆ ಕಟ್ಟಿಗೆಯ ಕಂಬ, ತೊಲೆಗಳು ನಿಂತೇ ಇದ್ದು, ಗೋಡೆಗಳು ಮಾತ್ರ ಇರಲಿಲ್ಲವಂತೆ.

ಹೊಸ ಕಿಲ್ಲಾರಿ ಅಗಲ ರಸ್ತೆಗಳ, ಸಾಲುಮನೆಗಳ ಊರು. ಅಲ್ಲಿ ಚಹಾ ಕುಡಿಸಿದ ಹಿರಿಯರೊಬ್ಬರಿಗೆ ನಾನು ಏನನ್ನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮದು ಯಾವ ಮನೆಯೆಂದು ಮಾತ್ರ ವಿಚಾರಿಸಿದರು. ಕಲ್ಲಿನದು, ಅಜ್ಜ ಕಟ್ಟಿಸಿದ್ದು ಎಂದೆ. ಚಹಾದ ಬಟ್ಟಲು ಕೆಳಗಿಟ್ಟು ಸುಮ್ಮನಾದರು.

ಊರಿಗೆ ಬಂದ ಮರುವಾರ ಗೌಂಡಿಯನ್ನು ಕರೆಸಿದೆ. ಅವನು ಗೋಡೆಯ ಎರಡು ಕಲ್ಲು ಬಿಚ್ಚಿ ಕೈಹಾಕಿ ನೋಡಿದ. "ಇದರಾಗ ಈ ಕಡಿಂದ ಆ ಕಡಿಗೆ ಹಾಯೋ ಉದ್ದಗಲ್ಲು ಒಂದೂ ಇಲ್ಲರೀ ಯಜಮಾನ್ರ" ಎಂದ. ಕಿಲ್ಲಾರಿಯ ಸುತ್ತ ಉಳಿದ ಮನೆಗಳನ್ನು ಬಲಪಡಿಸುವಾಗ ಗೋಡೆಯಲ್ಲಿ ಅಲ್ಲಲ್ಲಿ ಆರಪಾರ ತೂತು ಮಾಡಿ, ಕಬ್ಬಿಣದ ಸಳಿಯಿಟ್ಟು ಕಾಂಕ್ರೀಟು ತುಂಬುವ ಕ್ರಮವಿತ್ತು. ಮಾಳಿಗೆಯ ಮಣ್ಣನ್ನೂ ಕಡಿಮೆ ಮಾಡುತ್ತಿದ್ದರು. ನಾವೂ ಹಾಗೆಯೇ ಮಾಡುವುದೆಂದಾಯಿತು. "ಎಲ್ಲಿಂದ ಸುರು ಮಾಡೂಣ್ರಿ?" ಎಂದು ಕೇಳಿದ. ಅವ್ವ ಮಲಗುವ ಕೋಣೆಯನ್ನು ತೋರಿಸಿದೆ.