ರಶೀದಿಯ ಮೇಲಿನ ತಾರೀಖು

ಕಳೆದ ಮಳೆಗಾಲದಲ್ಲಿ, ಮಳೆ ಜೋರೆಂದು ಜಿಲ್ಲಾಧಿಕಾರಿಗಳು ಶಾಲೆ-ಕಾಲೇಜುಗಳಿಗೆ ರಜೆ ಘೋಷಿಸಿದ ಒಂದು ದಿನ. ಇನ್ನೊಂದು ತಾಸು ಮಲಗೋಣ ಎಂದುಕೊಳ್ಳುವಷ್ಟರಲ್ಲಿ ಅಬ್ಬಾ ಫೋನ್ ಮಾಡಿದರು. ಅವರು ಹೆಗಡೆಕಟ್ಟಾದ ಒಂದು ಸಣ್ಣ ಕಚೇರಿಯಲ್ಲಿ ಅಟೆಂಡರ್. "ಇಲ್ಲಿ ಕಂಪ್ಯೂಟರಿಗೆ ಮೇಲ್ ಬರ್ತಾ ಇಲ್ಲವಂತೆ. ನೀನು ಕಂಪ್ಯೂಟರ್ ಸೈನ್ಸ್ ಓದ್ತೀಯಲ್ಲ, ಸ್ವಲ್ಪ ಬಂದು ನೋಡು" ಎಂದರು. ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಕೊಡೆ ಹಿಡಿದು ಹೊರಟೆ.

ಕಚೇರಿಯ ಯಾದಿಯೊಂದು ಅದೇ ದಿನ ಸಂಜೆ ಐದರೊಳಗೆ ಶಿರಸಿಗೆ ಮೇಲ್ ಮೂಲಕ ಹೋಗಬೇಕಿತ್ತು. ಅಲ್ಲಿ ಮೇಲ್ ನೋಡುವುದು ಬ್ರೌಸರಿನಲ್ಲಲ್ಲ, ಥಂಡರ್‌ಬರ್ಡ್ ಎಂಬ ತಂತ್ರಾಂಶದಲ್ಲಿ. ಲೆಕ್ಕ ಬರೆಯುವ ಅಕ್ಕ ಕುರ್ಚಿ ಬಿಟ್ಟುಕೊಟ್ಟು, "ನೋಡು ತಮಾ, ಎಂತ ಆಗಿದ್ಯೋ ಏನೋ" ಎಂದರು. ತೆರೆದ ಕೂಡಲೇ ಒಂದು ಪುಟ್ಟ ಚೌಕ ಬಂತು. ಇಂಗ್ಲಿಷಿನಲ್ಲಿ ನಾಲ್ಕೈದು ಸಾಲು ಇತ್ತು. ನಾನು ಓದಲಿಲ್ಲ, ಕ್ಯಾನ್ಸಲ್ ಒತ್ತಿದೆ. ಪಾಸ್‌ವರ್ಡ್ ತಪ್ಪಿರಬೇಕು ಎಂದು ಆಗಲೇ ತೀರ್ಮಾನಿಸಿಬಿಟ್ಟಿದ್ದೆ.

ಮೊದಲು ಸೆಟ್ಟಿಂಗ್ಸ್‌ಗೆ ಹೋದೆ. ಪೋರ್ಟ್ ಎಂದರೆ ಅಂಚೆ ಕಚೇರಿಯ ಕಿಟಕಿ ಇದ್ದ ಹಾಗೆ. ಒಂದೇ ಕಟ್ಟಡ, ಆದರೆ ಒಂದೊಂದು ಕೆಲಸಕ್ಕೆ ಒಂದೊಂದು ಕಿಟಕಿ. ಬರುವ ಮೇಲ್‌ಗೆ 993 ಎಂದಿತ್ತು, ಅದನ್ನು 143 ಮಾಡಿದೆ. ಹೋಗುವ ಮೇಲ್‌ಗೆ 587 ಇತ್ತು, ಅದನ್ನು 25 ಮಾಡಿದೆ. ಸುರಕ್ಷತೆ ಎಂಬಲ್ಲಿ 'ಯಾವುದೂ ಇಲ್ಲ' ಎಂದು ಆರಿಸಿದೆ. ಯಾವುದಕ್ಕೂ ಕಾರಣವಿರಲಿಲ್ಲ, ಏನೋ ಒಂದು ಮಾಡಬೇಕಿತ್ತು ಅಷ್ಟೆ. ಹಳೆಯ ಅಂಕೆಗಳನ್ನು ಬರೆದೂ ಇಟ್ಟುಕೊಳ್ಳಲಿಲ್ಲ.

ಅದರಿಂದಲೂ ಆಗದಿದ್ದಾಗ ಪಾಸ್‌ವರ್ಡನ್ನೇ ಬದಲಾಯಿಸುವ ಯೋಚನೆ ಬಂತು. ಕಂಪ್ಯೂಟರಿನ ಬ್ರೌಸರಿನಲ್ಲಿ ಯಾವ ಪುಟವೂ ತೆರೆಯುತ್ತಿರಲಿಲ್ಲ. ಕಾರ್ಯದರ್ಶಿಯವರ ಮೊಬೈಲ್ ಕೇಳಿದೆ. ಒಳಗೆ ಸಿಗ್ನಲ್ ಇಲ್ಲ, ಅಂಗಳದ ಮೂಲೆಯಲ್ಲಿ ಕೊಡೆ ಹಿಡಿದು ನಿಂತರೆ ಒಂದೆರಡು ಕಡ್ಡಿ ಬರುತ್ತದೆ. ಒಟಿಪಿ ಬಂದಾಗ ಅವರು ಯಾಕೆ ಏನು ಎಂದು ಕೇಳಲೇ ಇಲ್ಲ, ಅಂಕೆಗಳನ್ನು ಓದಿ ಹೇಳಿದರು. ಪಾಸ್‌ವರ್ಡ್ ಬದಲಾಯಿತು. ಮೇಲ್ ಮಾತ್ರ ಬರಲಿಲ್ಲ.

ಮಧ್ಯಾಹ್ನ ಝುಹರ್ ನಮಾಜ್ ಮುಗಿಸಿ ಬಂದಾಗ ಅಕ್ಕ ಒಂದು ರಶೀದಿ ಹಿಡಿದು ನಿಂತಿದ್ದರು. "ಇದ್ನೋಡು, ತಾರೀಖು 1-1-2010 ಅಂತ ಬಂದಿದೆ. ಆಡಿಟ್‌ನವರು ನೋಡಿದ್ರೆ ನಂಗೆ ಕೆಲಸ ಇದೆ." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಪರದೆಯ ಕೆಳಗಿನ ಮೂಲೆಯಲ್ಲಿ ಅದೇ ತಾರೀಖು ಬೆಳಿಗ್ಗೆಯಿಂದ ಕಾಣುತ್ತಲೇ ಇತ್ತು. ನಾನು ಓದದೆ ಮುಚ್ಚಿದ ಚೌಕವನ್ನು ಮತ್ತೆ ತೆರೆದು ಓದಿದೆ. ಸರ್ವರಿನ ಪ್ರಮಾಣಪತ್ರ ಇನ್ನೂ ಊರ್ಜಿತವಾಗಿಲ್ಲ ಎಂಬುದು ಅದರ ಸಾರಾಂಶ. ಸುರಕ್ಷಿತ ಸಂಪರ್ಕಕ್ಕೆ ಸರ್ವರ್ ಒಂದು ಪ್ರಮಾಣಪತ್ರ ತೋರಿಸುತ್ತದೆ, ಅದಕ್ಕೆ ಇಂತಹ ದಿನದಿಂದ ಇಂತಹ ದಿನದವರೆಗೆ ಎಂಬ ಅವಧಿ ಇರುತ್ತದೆ. 2010ರಲ್ಲಿ ಕುಳಿತ ಕಂಪ್ಯೂಟರಿಗೆ ಈಗಿನ ಪ್ರಮಾಣಪತ್ರ ಮುಂದೆಂದೋ ಹುಟ್ಟಲಿರುವ ಕಾಗದ. ಅದು ನಂಬಲಿಲ್ಲ. ನಂಬದೇ ಇದ್ದದ್ದೇ ಸರಿ.

ತಾರೀಖು ಹಿಂದೆ ಹೋದದ್ದು ಯಾಕೆ? ಅಬ್ಬಾನ ಒಂದು ಮಾತಿನಿಂದ ಅದೂ ತಿಳಿಯಿತು. ಮಳೆಗಾಲದಲ್ಲಿ ಸಿಡಿಲಿಗೆ ಹೆದರಿ ದಿನಾ ಸಂಜೆ ಅವರು ಪ್ಲಗ್ಗುಗಳನ್ನೆಲ್ಲ ಕಿತ್ತಿಡುತ್ತಾರೆ. ಪ್ಲಗ್ ಇಲ್ಲದಾಗ ಕಂಪ್ಯೂಟರಿನ ಗಡಿಯಾರವನ್ನು ನಡೆಸುವುದು ಒಳಗಿರುವ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ. ಅದು ಸತ್ತಿತ್ತು. ಸದ್ಯಕ್ಕೆ ತಾರೀಖು ಕೈಯಾರೆ ಸರಿಮಾಡಿದೆ. ಬ್ರೌಸರ್ ತೆರೆಯಿತು. ಸಹಾಯಪುಟ ನೋಡಿ ಪೋರ್ಟುಗಳನ್ನು ಮೊದಲಿನಂತೆ ಹಾಕಿದೆ. ಎಲ್ಲರೂ "ಶಾಭಾಸ್" ಎಂದರು.

ಆದರೆ ಈಗ ಥಂಡರ್‌ಬರ್ಡ್ ಹೊಸ ತಕರಾರು ತೆಗೆಯಿತು, ಪಾಸ್‌ವರ್ಡ್ ತಪ್ಪು ಎಂದು. ನಾನೇ ಇಟ್ಟ ಪಾಸ್‌ವರ್ಡನ್ನು ಮೂರು ಸಲ ಹಾಕಿದರೂ ಒಪ್ಪಲಿಲ್ಲ. ಗಂಟೆ ಮೂರಾಗಿತ್ತು. ಕಚೇರಿಯ ಲ್ಯಾಂಡ್‌ಲೈನಿನಿಂದ, ಇದನ್ನೆಲ್ಲ ಮೊದಲು ಜೋಡಿಸಿಕೊಟ್ಟಿದ್ದ ಶಿರಸಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆವು. ಅವರು ಕೇಳಿದ ಮೊದಲ ಪ್ರಶ್ನೆ, "ಮೇಲ್ ಪಾಸ್‌ವರ್ಡ್ ಏನಾದ್ರೂ ಬದಲಾಯಿಸಿದ್ರಾ?"

"ಗೊತ್ತಿಲ್ಲ ಸರ್" ಎಂದೆ.

ಆ ಎರಡು ಪದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. "ಹಾಗಾದ್ರೆ ನಾನು ಬಂದೇ ನೋಡ್ಬೇಕು, ನಾಳೆ ಆಗ್ತದೆ" ಎಂದು ಅವರು ಫೋನ್ ಇಟ್ಟರು. ಕಾರ್ಯದರ್ಶಿಯವರಿಗೆ ಸಿಟ್ಟು ಬಂತು. "ಸರಿಯಾಗಿ ಮಾಡಿಕೊಟ್ಟಿದ್ರೆ ಹೀಗಾಗ್ತಿತ್ತಾ? ದುಡ್ಡು ಮಾತ್ರ ಸರಿಯಾಗಿ ಎಣಿಸಿಕೊಂಡು ಹೋದ. ಇನ್ನು ಅವನನ್ನು ಕರೆಯೋದೇ ಬೇಡ."

ಅಬ್ಬಾ ಬಾಗಿಲ ಬಳಿ ಚಹಾದ ಲೋಟ ಹಿಡಿದು ನಿಂತಿದ್ದರು. ಒಪ್ಪಿಕೊಂಡರೆ ಅವರ ಎದುರೇ ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳದಿದ್ದರೆ ಅಲ್ಲಿಲ್ಲದ ಒಬ್ಬ ಮನುಷ್ಯನ ಅನ್ನಕ್ಕೆ ನಾನು ಕಲ್ಲು ಹಾಕಿದಂತೆ. ಹೆಚ್ಚು ಹೊತ್ತು ಯೋಚಿಸಿದ್ದರೆ ಬಹುಶಃ ಹೇಳುತ್ತಲೇ ಇರಲಿಲ್ಲ. "ಸರ್, ಪಾಸ್‌ವರ್ಡ್ ಬದಲಾಯಿಸಿದ್ದು ನಾನೇ. ಒಟಿಪಿ ಕೇಳಿದ್ದು ಅದಕ್ಕೇ" ಎಂದೆ.

ಯಾರೂ ಏನೂ ಹೇಳಲಿಲ್ಲ. ಕಾರ್ಯದರ್ಶಿಯವರೇ ಮತ್ತೆ ಫೋನ್ ತಿರುಗಿಸಿ ನನ್ನ ಕೈಗೆ ಕೊಟ್ಟರು. ಮೆಕ್ಯಾನಿಕ್‌ಗೂ ನಿಜ ಹೇಳಿದೆ. ಅವರು ನಕ್ಕುಬಿಟ್ಟರು. "ಮೊದ್ಲೇ ಹೇಳಿದ್ರೆ ಐದು ನಿಮಿಷದ ಕೆಲಸ ಮಾರಾಯಾ." 2022ರ ಮೇ 30ರಿಂದ ಗೂಗಲ್, ಬರೀ ಸಾಮಾನ್ಯ ಪಾಸ್‌ವರ್ಡಿನಿಂದ ಒಳಬರುವ ಹಳೇ ಪದ್ಧತಿಯನ್ನು ನಿಲ್ಲಿಸತೊಡಗಿತು. ಅದಕ್ಕೇ ಅವರು ಥಂಡರ್‌ಬರ್ಡಿಗೆ 16 ಅಕ್ಷರಗಳ ಪ್ರತ್ಯೇಕ ಆ್ಯಪ್ ಪಾಸ್‌ವರ್ಡ್ ಕೊಟ್ಟಿದ್ದರು. ಖಾತೆಯ ಪಾಸ್‌ವರ್ಡ್ ಬದಲಾದರೆ ಅಂಥವೆಲ್ಲ ತಾವಾಗಿಯೇ ರದ್ದಾಗುತ್ತವೆ. ಅಂದರೆ ಮೊದಲ ದೋಷ ಬ್ಯಾಟರಿಯದು, ಎರಡನೆಯದು ಪೂರ್ತಿ ನನ್ನದು. ಅವರು ಹೇಳಿದಂತೆ ಹೊಸ 16 ಅಕ್ಷರ ಪಡೆದು ಹಾಕಿದೆ. ನಾಲ್ಕೂ ಕಾಲಿಗೆ ಯಾದಿ ಹೋಯಿತು. ಮರುದಿನ ಬ್ಯಾಟರಿ ಹಾಕಲು ಬಂದದ್ದು ಅದೇ ಮೆಕ್ಯಾನಿಕ್.

ಸಂಜೆ ಮನೆಗೆ ನಡೆದು ಬರುವಾಗ ಅಬ್ಬಾ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಒಬ್ಬರು ನಂಬಿ ಕೊಟ್ಟದ್ದು ಅಮಾನತ್. ಆ ಒಟಿಪಿಯೂ ಅಮಾನತ್ತೇ" ಎಂದರು. ಕನ್ನಡ ಪೇಪರಿನಲ್ಲಿ ಅಮಾನತು ಎಂದರೆ ನೌಕರಿಯಿಂದ ತಾತ್ಕಾಲಿಕವಾಗಿ ಹೊರಗಿಡುವುದು. ನಮ್ಮ ಮನೆಯಲ್ಲಿ ಅದೇ ಪದಕ್ಕೆ ನಂಬಿ ಒಪ್ಪಿಸಿದ ವಸ್ತು ಎಂದರ್ಥ. ಆ ಮಧ್ಯಾಹ್ನ ಎರಡೂ ಅರ್ಥಗಳು ನನಗೆ ಬಹಳ ಹತ್ತಿರದಲ್ಲಿದ್ದವು.

ಗೆಳೆಯರೇ, ನಿಮ್ಮನ್ನೂ ಯಾರಾದರೂ "ನೀನು ಕಂಪ್ಯೂಟರ್ ಓದ್ತೀಯಲ್ಲ" ಎಂದು ಕರೆಯುತ್ತಾರೆ. ಹೋಗಿ. ಬಂದ ಚೌಕವನ್ನು ಪೂರ್ತಿ ಓದಿ, ಗಡಿಯಾರ ನೋಡಿ. ಯಾವ ಅಂಕೆ ಮುಟ್ಟುವ ಮೊದಲೂ ಅದರ ಫೋಟೊ ತೆಗೆದಿಡಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. "ಏನಾದರೂ ಬದಲಾಯಿಸಿದ್ರಾ?" ಎಂದು ಯಾರಾದರೂ ಕೇಳಿದರೆ ನಿಜ ಹೇಳಿ. ಆ ಉತ್ತರವಿಲ್ಲದೆ ರಿಪೇರಿ ಮುಂದೆ ಹೋಗುವುದಿಲ್ಲ.